ಕಿಟ್ಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಯಾವ ಜಿಲ್ಲೆ? ಹನೋವರ್, ನೋರ್ಡೆನ್, ಔರಿಖ್: ಯಾವುದನ್ನು ಬರೆಯುವುದು?

ಕುಂಬಳೆ ವಾಚನಾಲಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಾಚನಾಲಯದ ಗೋಡೆಪತ್ರಿಕೆಗೆ ಫರ್ಡಿನಾಂಡ್ ಕಿಟ್ಟೆಲರ ಬಗ್ಗೆ ಒಂದು ಪುಟ, ಜೊತೆಗೆ ಅವರ ಹುಟ್ಟೂರಿನ ನಕ್ಷೆ ತಯಾರಾಗುತ್ತಾ ಉಂಟು. ನಿಘಂಟಿನ ಭಾಗಕ್ಕೆ ತೊಂದರೆ ಇಲ್ಲ: 1894, ಮಂಗಳೂರು, ಬಾಸೆಲ್ ಮಿಶನ್, ಸುಮಾರು 70 ಸಾವಿರ ಶಬ್ದ. ಕೆಲಸ ನಿಂತದ್ದು ಮೊದಲ ಸಾಲಿನಲ್ಲಿ. ಅವರು ಹುಟ್ಟಿದ್ದು 1832ರ ಏಪ್ರಿಲ್ 7, ಊರು ರೆಸ್ಟರ್‌ಹಾಫೆ. ಇಷ್ಟರವರೆಗೆ ಎಲ್ಲ ಬರಹಗಳೂ ಒಂದೇ. ಅಲ್ಲಿಂದ ಮುಂದೆ ಒಬ್ಬರು "ಜರ್ಮನಿಯ ಹನೋವರ್" ಅನ್ನುತ್ತಾರೆ, ಇನ್ನೊಬ್ಬರು "ಪೂರ್ವ ಫ್ರೀಸ್‌ಲಾಂಡ್", ಮತ್ತೊಬ್ಬರು "ನೋರ್ಡೆನ್ ಜಿಲ್ಲೆ", ಒಂದು ಕಡೆ "ಫ್ರೀಸ್‌ಲಾಂಡ್ ಜಿಲ್ಲೆ". ಈಗಿನ ನಕ್ಷೆ ತೆರೆದರೆ ಔರಿಖ್ ಜಿಲ್ಲೆ.

ಗೊತ್ತಿದ್ದವರು ಮೂರು ವಿಷಯ ಬಿಡಿಸಿ ಹೇಳಬೇಕು. ಇವುಗಳಲ್ಲಿ ಯಾವುದು ಸರಿ? ಅಲ್ಲಿನ "ಲಾಂಡ್‌ಕ್ರೈಸ್" ಅನ್ನುವುದನ್ನು ಜಿಲ್ಲೆ ಅಂತಲೂ "ಲಾಂಡ್‌ರಾಟ್" ಅನ್ನುವವರನ್ನು ಕಲೆಕ್ಟರ್ ಅಂತಲೂ ಬರೆಯಬಹುದೇ? ಆ ನೆಲ ಹೇಗಿದೆ, ನಕ್ಷೆಯಲ್ಲಿ ಏನೇನು ತೋರಿಸಬೇಕು? ಶಾಲೆಯ ಮಕ್ಕಳು ಓದುವ ಗೋಡೆ, ತಪ್ಪು ಬರೆಯಬಾರದು.

ಹಳೆನಕ್ಷೆ ಉತ್ತರ:

ನಿಮಗೆ ಸಿಕ್ಕಿದ ಐದರಲ್ಲಿ ನಾಲ್ಕು ಸರಿ, "ಫ್ರೀಸ್‌ಲಾಂಡ್ ಜಿಲ್ಲೆ" ಮಾತ್ರ ತಪ್ಪು. ಆ ನಾಲ್ಕೂ ಬೇರೆ ಬೇರೆ ಇಸವಿಯ ಉತ್ತರಗಳು, ಬರೆದವರು ಇಸವಿ ಹಾಕದ್ದರಿಂದ ಒಂದಕ್ಕೊಂದು ಡಿಕ್ಕಿ ಹೊಡೆದ ಹಾಗೆ ಕಾಣುತ್ತವೆ.

ನಮ್ಮ ಕಡೆಯದ್ದೇ ನೋಡಿ. ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ್ದು 1915ರಲ್ಲಿ. ಆಗ ಕಯ್ಯಾರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು, 1957ರಿಂದ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. "1915ರಲ್ಲಿ ಕೇರಳದಲ್ಲಿ ಹುಟ್ಟಿದರು" ಅಂತ ಯಾರಾದರೂ ಬರೆದರೆ ನಾವು ಸುಮ್ಮನಿರುತ್ತೇವಾ? ರೆಸ್ಟರ್‌ಹಾಫೆಗೂ ಅದೇ ನ್ಯಾಯ ಸಲ್ಲಬೇಕು.

ಆ ಸೀಮೆಯ ಹೆಸರು ಓಸ್ಟ್‌ಫ್ರೀಸ್‌ಲಾಂಡ್, ಅಂದರೆ ಪೂರ್ವ ಫ್ರೀಸ್‌ಲಾಂಡ್. ಜರ್ಮನಿಯ ವಾಯವ್ಯ ಮೂಲೆ, ನೆದರ್ಲಾಂಡ್ಸ್ ಗಡಿಗೆ ತಾಗಿ, ಉತ್ತರ ಸಮುದ್ರದ ದಡ. ಮಧ್ಯಯುಗದಲ್ಲಿ ಅಲ್ಲಿ ಅರಸನ ಕೈಕೆಳಗಿನ ಜಮೀನ್ದಾರಿ ಬೇರೂರಲಿಲ್ಲ. ಫ್ರೀಸಿಯನ್ ನಾಡುಗಳ ಪ್ರತಿನಿಧಿಗಳು ಔರಿಖ್ ಪಟ್ಟಣದ ಹತ್ತಿರ ಉಪ್ಸ್ಟಾಲ್ಸ್‌ಬೂಮ್ ಎಂಬಲ್ಲಿ ಸಭೆ ಸೇರುತ್ತಿದ್ದರು. ಆ ಜಾಗದಲ್ಲಿ 1833ರಲ್ಲಿ ಕಟ್ಟಿದ ಕಲ್ಲಿನ ಪಿರಮಿಡ್ ಈಗಲೂ ಉಂಟು. ಆಮೇಲೆ ಊರಿನ ಮುಖಂಡರ ಮನೆತನಗಳು ಬಲಿತವು. ಅವರಲ್ಲಿ ಗೆದ್ದದ್ದು ಸಿರ್ಕ್ಸೇನಾ ಮನೆತನ, 1464ರಲ್ಲಿ ಅವರಿಗೆ ಚಕ್ರವರ್ತಿಯಿಂದ ಕೌಂಟ್ ಪದವಿ ಸಿಕ್ಕಿತು. 1744ರಲ್ಲಿ ಆ ವಂಶ ಗಂಡು ಸಂತಾನವಿಲ್ಲದೆ ನಿಂತುಹೋಗಿ ಸೀಮೆ ಪ್ರಶ್ಯ ಎಂಬ ಆಗಿನ ದೊಡ್ಡ ಜರ್ಮನ್ ರಾಜ್ಯದ ಪಾಲಾಯಿತು.

ಇಲ್ಲಿಂದ ಮುಂದೆ ವೇಗವಾಗಿ ಕೈ ಬದಲಾಗುತ್ತದೆ. 1807ರಲ್ಲಿ ಹಾಲೆಂಡ್ ರಾಜ್ಯ. 1810ರಲ್ಲಿ ನೇರ ಫ್ರಾನ್ಸ್, "ಪೂರ್ವ ಎಮ್ಸ್" ಎಂಬ ಇಲಾಖೆ, ಔರಿಖ್ ಅದರ ಕೇಂದ್ರ. 1813ರಲ್ಲಿ ಮತ್ತೆ ಪ್ರಶ್ಯ. 1815ರಲ್ಲಿ ಹನೋವರ್ ರಾಜ್ಯ. ಕಿಟ್ಟೆಲ್ ಹುಟ್ಟಿದ್ದು ಈ ಹನೋವರ್ ಕಾಲದಲ್ಲಿ. "ಹನೋವರ್" ಅಂತ ಓದಿದವರು ಇಂದಿನ ಹನೋವರ್ ನಗರ ಅಂದುಕೊಳ್ಳುತ್ತಾರೆ. ಅದು ರಾಜ್ಯದ ಹೆಸರು, ನಗರ ಅಲ್ಲಿಂದ ಬಹಳ ದೂರ. ನಿಮ್ಮ ನಕ್ಷೆಯಲ್ಲಿ ಹನೋವರ್ ನಗರಕ್ಕೆ ಚುಕ್ಕೆ ಇಟ್ಟು ಅದನ್ನೇ ಹುಟ್ಟೂರು ಅಂತ ತೋರಿಸಿದರೆ ಪೂರಾ ಎಡವಟ್ಟು.

ಮಕ್ಕಳಿಗೆ ಹಿಡಿಸುವ ಒಂದು ಸಂಗತಿ: 1832ರಲ್ಲಿ ಹನೋವರಿನ ರಾಜನೂ ಇಂಗ್ಲೆಂಡಿನ ರಾಜನೂ ಒಬ್ಬನೇ, ನಾಲ್ಕನೇ ವಿಲಿಯಂ. ಆಗ ಮಂಗಳೂರು ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿ. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಹೆಣ್ಣಿಗೆ ಹನೋವರಿನ ಪಟ್ಟ ಇಲ್ಲ ಎಂಬ ನಿಯಮದಿಂದ ಎರಡೂ ಬೇರೆಯಾದವು.

1866ರಲ್ಲಿ ಪ್ರಶ್ಯವು ಹನೋವರನ್ನೇ ನುಂಗಿ ಅದನ್ನು ಒಂದು ಪ್ರಾಂತ ಮಾಡಿತು. "ಜಿಲ್ಲೆ" ಬಂದದ್ದು ಅದಕ್ಕೂ ಆಮೇಲೆ. 1885ರ ಏಪ್ರಿಲ್ 1ರಂದು ಹನೋವರ್ ಪ್ರಾಂತದಲ್ಲಿ ಕ್ರೈಸ್‌ಗಳು ಜಾರಿಗೆ ಬಂದವು: ಔರಿಖ್, ನೋರ್ಡೆನ್, ಎಮ್ಡನ್, ಲೇರ್, ವೀನರ್, ವಿಟ್‌ಮುಂಡ್. ರೆಸ್ಟರ್‌ಹಾಫೆ ಇರುವ ಡೋರ್ನುಮ್ ಪ್ರದೇಶ ನೋರ್ಡೆನ್ನಿಗೆ ಬಿತ್ತು. 1977ರ ಆಗಸ್ಟ್ 1ಕ್ಕೆ ನೋರ್ಡೆನ್ ಜಿಲ್ಲೆಯನ್ನು ಔರಿಖ್‌ಗೆ ಸೇರಿಸಿದರು. ಆದ್ದರಿಂದ ನೋರ್ಡೆನ್ ಅಂತ ಬರೆದವರು ಬಹುಶಃ 1977ಕ್ಕಿಂತ ಹಿಂದಿನ ಪುಸ್ತಕ ನೋಡಿದ್ದಾರೆ. 1832ರಲ್ಲಿ ಈ ಎರಡು ಜಿಲ್ಲೆಗಳೂ ಹುಟ್ಟಿರಲಿಲ್ಲ!

ತಪ್ಪಾದ ಆ ಒಂದರ ಬಗ್ಗೆ. "ಫ್ರೀಸ್‌ಲಾಂಡ್" ಹೆಸರು ನಾಲ್ಕು ಕಡೆ ಉಂಟು. ನೆದರ್ಲಾಂಡ್ಸಿನಲ್ಲಿ ಒಂದು ಪ್ರಾಂತ, ಡೆನ್ಮಾರ್ಕ್ ಗಡಿಯ ಹತ್ತಿರ ಉತ್ತರ ಫ್ರೀಸ್‌ಲಾಂಡ್ ಜಿಲ್ಲೆ, ಯೇವರ್ ಪಟ್ಟಣ ಕೇಂದ್ರವಾಗಿರುವ ಫ್ರೀಸ್‌ಲಾಂಡ್ ಜಿಲ್ಲೆ, ಮತ್ತು ನಮ್ಮ ಕಿಟ್ಟೆಲರ ಪೂರ್ವ ಫ್ರೀಸ್‌ಲಾಂಡ್. ಯೇವರಿನದ್ದು ಪಕ್ಕದಲ್ಲೇ ಇದ್ದರೂ ಇತಿಹಾಸದಲ್ಲಿ ಓಲ್ಡನ್‌ಬುರ್ಗ್ ಅರಸರದ್ದು. ಪೂರ್ವ ಫ್ರೀಸ್‌ಲಾಂಡ್ ಎಂಬ ಹೆಸರಿನ ಜಿಲ್ಲೆ ಇಂದು ಇಲ್ಲ. ನಾವು "ತುಳುನಾಡು" ಅನ್ನುವ ಹಾಗೆ ಅದು ಸೀಮೆಯ ಹೆಸರು. ಆಡಳಿತದಲ್ಲಿ ಔರಿಖ್, ಲೇರ್, ವಿಟ್‌ಮುಂಡ್ ಜಿಲ್ಲೆಗಳು ಮತ್ತು ಎಮ್ಡನ್ ನಗರ ಸೇರಿದರೆ ಆ ಸೀಮೆ.

ಪಂಚಾಯತ್ ಕಟ್ಟೆ ಉತ್ತರ:

ಎರಡನೇ ಪ್ರಶ್ನೆಗೆ. ಲಾಂಡ್‌ಕ್ರೈಸ್ ಅನ್ನುವುದನ್ನು "ಗ್ರಾಮೀಣ ಜಿಲ್ಲೆ" ಅಂತ ಬರೆಯಿರಿ, "ಜಿಲ್ಲೆ" ಮಾತ್ರ ಬರೆದರೂ ನಡೆಯುತ್ತದೆ. ಗಾತ್ರದ ಅಂದಾಜು ಕೊಡಿ: ಔರಿಖ್ ಸುಮಾರು 1,287 ಚದರ ಕಿ.ಮೀ., ಜನ ಸುಮಾರು 1.9 ಲಕ್ಷ. ನಮ್ಮ ಕಾಸರಗೋಡು 1,992 ಚದರ ಕಿ.ಮೀ., 2011ರ ಗಣತಿಯಲ್ಲಿ 13 ಲಕ್ಷ ದಾಟಿದೆ. ನೆಲದಲ್ಲಿ ನಮ್ಮ ಮೂರರಲ್ಲಿ ಎರಡು ಪಾಲು, ಜನದಲ್ಲಿ ಏಳರಲ್ಲಿ ಒಂದು ಪಾಲು.

ಲಾಂಡ್‌ರಾಟ್ ಅಂದರೆ ಕಲೆಕ್ಟರ್ ಅಂತ ಬರೆಯಬೇಡಿ. 1885ರವರಿಗೆ ಆ ಶಬ್ದ ಸುಮಾರಾಗಿ ಒಪ್ಪುತ್ತದೆ, ಪ್ರಶ್ಯದ ಕಾಲದಲ್ಲಿ ಲಾಂಡ್‌ರಾಟ್ ಸರಕಾರ ನೇಮಿಸಿದ ಅಧಿಕಾರಿ. ಎರಡನೇ ಮಹಾಯುದ್ಧದ ನಂತರ ಆ ಭಾಗ ಬ್ರಿಟಿಷ್ ಸೈನ್ಯದ ವಶದಲ್ಲಿತ್ತು. ಅವರು ತಮ್ಮ ಊರಿನ ಪದ್ಧತಿಯ ಹಾಗೆ ಹುದ್ದೆಯನ್ನು ಎರಡು ಮಾಡಿದರು: ಸಭೆ ನಡೆಸುವ ಗೌರವ ಹುದ್ದೆಯ ಲಾಂಡ್‌ರಾಟ್ ಒಬ್ಬರು, ಕಚೇರಿ ನಡೆಸುವ ಓಬರ್‌ಕ್ರೈಸ್‌ಡಿರೆಕ್ಟರ್ ಇನ್ನೊಬ್ಬರು. 1990ರ ದಶಕದ ಕಾನೂನು ಬದಲಾವಣೆಯ ನಂತರ ಎರಡೂ ಮತ್ತೆ ಒಂದಾಗಿ, ಈಗ ಲಾಂಡ್‌ರಾಟ್‌ರನ್ನು ಜನ ನೇರ ಮತ ಹಾಕಿ ಆರಿಸುತ್ತಾರೆ. ಆದ್ದರಿಂದ 1960ರ ಕಾಗದದಲ್ಲಿ ಲಾಂಡ್‌ರಾಟ್ ಸಹಿ ಕಂಡರೆ ಅವರನ್ನು ಕಚೇರಿಯ ಮುಖ್ಯಸ್ಥ ಅಂತ ಭಾವಿಸಬೇಡಿ. ನಮ್ಮ ಜಿಲ್ಲಾ ಪಂಚಾಯತ್ ಅಧ್ಯಕ್ಷರ ಸ್ಥಾನ ಮತ್ತು ಕಲೆಕ್ಟರ್ ಕಚೇರಿಯ ಕೆಲಸದ ಒಂದು ಪಾಲು ಒಬ್ಬರ ಕೈಯಲ್ಲಿದ್ದರೆ ಹೇಗೋ, ಈಗಿನ ಲಾಂಡ್‌ರಾಟ್ ಹಾಗೆ. ಜೊತೆಗೆ ಚುನಾಯಿತ ಜಿಲ್ಲಾ ಸಭೆ ಉಂಟು, ಹೆಸರು ಕ್ರೈಸ್‌ಟಾಗ್.

ತಾಲೂಕು ಅಲ್ಲಿ ಇಲ್ಲ. ಜಿಲ್ಲೆಯ ಕೆಳಗೆ ನೇರವಾಗಿ ಪಟ್ಟಣ ಅಥವಾ ಗೆಮೈಂಡೆ, ಅಂದರೆ ಪಂಚಾಯತ್. ಔರಿಖ್ ಜಿಲ್ಲೆಯಲ್ಲಿ ನಾಲ್ಕು ಪಟ್ಟಣ: ಔರಿಖ್, ನೋರ್ಡೆನ್, ನೋರ್ಡರ್ನೈ, ವೀಸ್‌ಮೋರ್. "ಬ್ರೂಕ್‌ಮರ್‌ಲಾಂಡ್" ಮತ್ತು "ಹಾಗೆ" ಎಂಬ ಹೆಸರಿನ ಎರಡು ಕಡೆ ಸಣ್ಣ ಪಂಚಾಯತ್‌ಗಳು ಒಟ್ಟು ಸೇರಿ ಒಂದೇ ಕಚೇರಿ ಇಟ್ಟುಕೊಂಡಿವೆ. ನಮ್ಮ ಬ್ಲಾಕ್ ಪಂಚಾಯತ್ ನೆನಪಾದರೆ ತಪ್ಪಿಲ್ಲ. ರೆಸ್ಟರ್‌ಹಾಫೆ ಈಗ ಡೋರ್ನುಮ್ ಪಂಚಾಯತಿನ ಒಂದು ಹಳ್ಳಿ.

ವಾಹನ ನೋಂದಣಿ, ಕಸ ವಿಲೇವಾರಿ, ಮಕ್ಕಳ ರಕ್ಷಣೆ, ಮೇಲಿನ ತರಗತಿಗಳ ಶಾಲಾ ಕಟ್ಟಡ, ಇವೆಲ್ಲ ಜಿಲ್ಲೆಯ ಕೆಲಸ. ಹಣದ ದೊಡ್ಡ ಪಾಲು ಕೆಳಗಿನ ಪಂಚಾಯತ್‌ಗಳು ಮೇಲಕ್ಕೆ ಕಟ್ಟುವ ವಂತಿಗೆಯಿಂದ ಬರುತ್ತದೆ, ಅದರ ಹೆಸರು ಕ್ರೈಸ್‌ಉಮ್‌ಲಾಗೆ. ನಮ್ಮಲ್ಲಿ ಹಣ ಮೇಲಿನಿಂದ ಕೆಳಗೆ ಇಳಿಯುವುದನ್ನೇ ನೋಡಿದವರಿಗೆ ಇದು ಹೊಸತು.

ಇನ್ನೊಂದು ಗೊಂದಲ: "ಔರಿಖ್" ಎಂಬ ಹೆಸರು ಮೂರು ಮಟ್ಟದಲ್ಲಿ ಬರುತ್ತದೆ. ಪಟ್ಟಣ, ಜಿಲ್ಲೆ, ಮತ್ತು 1978ರವರೆಗೆ ಜಿಲ್ಲೆಗಳ ಮೇಲಿದ್ದ ವಿಭಾಗ. ವಿಭಾಗಕ್ಕೆ 1823ರಿಂದ 1885ರವರೆಗೆ ಲಾಂಡ್‌ಡ್ರೋಸ್ಟೈ ಎಂದು ಹೆಸರು, ಆಮೇಲೆ ರೆಗೀರುಂಗ್ಸ್‌ಬೆತ್ಸಿರ್ಕ್. ನೋರ್ಡೆನ್ ಜಿಲ್ಲೆ ಆ ಔರಿಖ್ ವಿಭಾಗದ ಒಳಗೇ ಇತ್ತು. ಹಾಗಾಗಿ 1950ರ ಪುಸ್ತಕದಲ್ಲಿ "ನೋರ್ಡೆನ್, ಔರಿಖ್" ಅಂತ ಒಟ್ಟಿಗೆ ಕಂಡರೆ ಎರಡೂ ಸರಿಯೇ. ಈಗಿನ ಸರಕಾರಿ ಸಂಕೇತ 03452ರಲ್ಲಿ ಈ ಏಣಿಯ ಗುರುತು ಉಳಿದಿದೆ: 03 ಅಂದರೆ ನೀಡರ್‌ಸಾಕ್ಸನ್ ರಾಜ್ಯ, 4 ಅಂದರೆ ವೇಸರ್-ಎಮ್ಸ್ ವಿಭಾಗ, 52 ಅಂದರೆ ಔರಿಖ್ ಜಿಲ್ಲೆ. ವಿಭಾಗ 2004ರ ಕೊನೆಗೆ ರದ್ದಾದರೂ 4 ಹಾಗೇ ನಿಂತಿದೆ.

ನೀಡರ್‌ಸಾಕ್ಸನ್ ರಾಜ್ಯ ಲೆಕ್ಕಕ್ಕೆ ಬಂದದ್ದು 1946ರ ನವೆಂಬರ್ 1ರಿಂದ. ನಮ್ಮ ನವೆಂಬರ್ 1ಕ್ಕಿಂತ ಸರಿಯಾಗಿ ಹತ್ತು ವರ್ಷ ಮೊದಲು.

ಶಿರಿಯ ಅಳಿವೆ ಉತ್ತರ:

ನೆಲದ ವಿಷಯಕ್ಕೆ ಬರುವಾ. ನಕ್ಷೆಯಲ್ಲಿ ಗಡಿ ಗೆರೆಗಿಂತ ಮೊದಲು ನಾಲ್ಕು ಪಟ್ಟಿ ಬಣ್ಣ ಹಾಕಿ, ಉತ್ತರದಿಂದ ದಕ್ಷಿಣಕ್ಕೆ.

ಮೊದಲು ಮರಳ ದ್ವೀಪಗಳು: ಯೂಯಿಸ್ಟ್, ನೋರ್ಡರ್ನೈ, ಬಾಲ್ಟ್ರುಮ್. ಮೂರೂ ಈ ಜಿಲ್ಲೆಯವೇ. ಯೂಯಿಸ್ಟ್ ಸುಮಾರು 17 ಕಿ.ಮೀ. ಉದ್ದ, ಅಗಲ ತೀರಾ ಕಡಿಮೆ. ಅಲ್ಲಿಯೂ ಬಾಲ್ಟ್ರುಮ್‌ನಲ್ಲಿಯೂ ಕಾರು ಇಲ್ಲ. ನೋರ್ಡರ್ನೈಯಲ್ಲಿ 1797ರಿಂದ ಸಮುದ್ರಸ್ನಾನದ ಆರೋಗ್ಯಧಾಮ ಉಂಟು.

ಎರಡನೆಯದು ವಾಟ್, ಅಂದರೆ ಭರತ ಬಂದಾಗ ಕಡಲು, ಇಳಿತಕ್ಕೆ ಕೆಸರು ಬಯಲು. ನೀರು ಸುಮಾರು ಎರಡೂವರೆ ಮೀಟರ್ ಏರಿ ಇಳಿಯುತ್ತದೆ. ಡೋರ್ನುಮ್ ಪಂಚಾಯತಿನ ನೆಸ್ಮರ್‌ಸೀಲ್ ಬಂದರಿನಿಂದ ಬಾಲ್ಟ್ರುಮ್‌ಗೆ ದೋಣಿ ಹೋಗುವುದು ಭರತದ ಸಮಯ ನೋಡಿಕೊಂಡು. ಇಳಿತದಲ್ಲಿ ದಾರಿ ಗೊತ್ತಿದ್ದವರ ಜೊತೆ ಅದೇ ದ್ವೀಪಕ್ಕೆ ನಡೆದೇ ಹೋಗುತ್ತಾರೆ. ಈ ವಾಟ್ 1986ರಿಂದ ರಾಷ್ಟ್ರೀಯ ಉದ್ಯಾನ, 2009ರಿಂದ ಯುನೆಸ್ಕೋ ವಿಶ್ವ ಪರಂಪರೆ.

ಮೂರನೆಯದು ಮಾರ್ಷ್: ಕಡಲು ತಂದು ಹಾಕಿದ ಜೇಡಿ, ಬಹಳ ಫಲವತ್ತು, ತೀರಾ ತಗ್ಗು. ಕ್ರುಮ್‌ಹೋರ್ನ್ ಪಂಚಾಯತಿನ ಫ್ರೆಪ್ಸುಮ್ ಹತ್ತಿರ ನೆಲ ಸಮುದ್ರಮಟ್ಟಕ್ಕಿಂತ ಎರಡು ಮೀಟರಿಗೂ ಮಿಕ್ಕಿ ಕೆಳಗೆ. ಒಡ್ಡು ಬರುವ ಮೊದಲು ಜನ ಮಣ್ಣು ಪೇರಿಸಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ಊರು ಕಟ್ಟುತ್ತಿದ್ದರು. ರೀಸುಮ್ ಎಂಬ ಊರು ಈಗಲೂ ಅಂಥ ದಿಬ್ಬದ ಮೇಲೆ ಗುಂಡಗೆ ಕೂತಿದೆ, ಆಕಾಶದಿಂದ ತೆಗೆದ ಚಿತ್ರ ಸಿಕ್ಕರೆ ಗೋಡೆಗೆ ಹಾಕಿ.

ನಾಲ್ಕನೆಯದು ಗೇಸ್ಟ್, ಹಿಮಯುಗದಲ್ಲಿ ಉಳಿದ ಮರಳು ದಿಣ್ಣೆ. ಔರಿಖ್ ಪಟ್ಟಣ ಇರುವುದು ಅದರ ಮೇಲೆ. ದಿಣ್ಣೆಯ ಮಗ್ಗುಲಲ್ಲಿ ಪೀಟ್ ಜೌಗು. ಪೀಟ್ ಅಂದರೆ ಪೂರಾ ಕೊಳೆಯದ ಪಾಚಿ, ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಅದನ್ನು ಕಡಿದು ಸಾಗಿಸಲು ಕಾಲುವೆ ತೋಡಿ, ಕಾಲುವೆಯ ಎರಡೂ ದಡಕ್ಕೆ ಮನೆ ಕಟ್ಟಿದರು. ಹಾಗೆ 1633ರಲ್ಲಿ ಶುರುವಾದದ್ದು ಗ್ರೋಸೆಫೇನ್. ಹೆಸರಿನ ಕೊನೆಗೆ "ಫೇನ್" ಇದ್ದರೆ ಕಾಲುವೆ ಊರು, "ಸೀಲ್" ಇದ್ದರೆ ತೂಬಿನ ಊರು ಅಂತ ತಿಳಿಯಿರಿ.

ಈ ಸೀಲ್ ವಿಷಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಅಳಿವೆಯಲ್ಲಿ ಉಪ್ಪುನೀರು ಮೇಲಕ್ಕೆ ಹತ್ತಿದರೆ ಗದ್ದೆ, ತೋಟದ ಗತಿ ಏನು ಅಂತ ನಮಗೆ ಗೊತ್ತುಂಟು. ಅಲ್ಲಿ ಒಡ್ಡಿನ ಅಡಿಯಲ್ಲಿ ತೂಬು ಬಿಟ್ಟು ಜೋಡಿ ಬಾಗಿಲು ಇಡುತ್ತಾರೆ. ಭರತದಲ್ಲಿ ಕಡಲಿನ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ಮಳೆನೀರು ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಆದರೆ ಬಿರುಗಾಳಿಗೆ ಕಡಲು ದಿನಗಟ್ಟಲೆ ಇಳಿಯದಿದ್ದರೆ ಬಾಗಿಲು ತೆರೆಯುವುದಿಲ್ಲ, ಒಳಗಿನ ನೀರು ಒಳಗೇ ನಿಲ್ಲುತ್ತದೆ. ಜೌಗು ನೆಲದ ನೀರು ಬಸಿದಷ್ಟೂ ಪೀಟ್ ಕುಗ್ಗಿ ನೆಲ ಇನ್ನೂ ತಗ್ಗುತ್ತದೆ. ಆಗ ತೂಬು ಸಾಲದೆ ಪಂಪು ಬೇಕಾಗುತ್ತದೆ. ಹಿಂದೆ ಗಾಳಿಯಂತ್ರ ಎತ್ತುತ್ತಿದ್ದ ನೀರನ್ನು ಈಗ ಪಂಪುಮನೆಗಳು ಎತ್ತುತ್ತವೆ.

ಒಡ್ಡಿನ ರಚನೆ ಬರೆಯುವುದಾದರೆ: ಒಳಗೆ ಮರಳಿನ ತಿರುಳು, ಮೇಲೆ ದಪ್ಪ ಜೇಡಿಯ ಹೊದಿಕೆ, ಅದರ ಮೇಲೆ ಹುಲ್ಲು. ಕಡಲ ಕಡೆ ಇಳಿಜಾರು ಬಹಳ ಸಾವಕಾಶ, 1 ಮೀಟರ್ ಎತ್ತರಕ್ಕೆ ಸುಮಾರು 6 ಮೀಟರ್ ಅಡ್ಡ. ಅಲೆ ಉರುಳಿ ಸುಸ್ತಾಗಬೇಕು, ಬಡಿಯಬಾರದು. ಒಳಬದಿ 1ಕ್ಕೆ 3ರಷ್ಟು. ಹಳೆಯ ಒಡ್ಡುಗಳ ಒಳಬದಿ ಕಡಿದಾಗಿತ್ತು. ಅಲೆ ಮೇಲಿನಿಂದ ಧುಮುಕಿ ಬೆನ್ನಿನ ಮಣ್ಣು ಕೊರೆದು ಹಿಂದಿನಿಂದ ಒಡೆದುಹೋಗುತ್ತಿದ್ದವು. ಎಷ್ಟೋ ಒಡ್ಡು ಒಡೆದದ್ದು ಎದುರಿನ ಹೊಡೆತಕ್ಕಲ್ಲ, ಈ ಕಾರಣಕ್ಕೆ. ಮೇಲೆ ಕುರಿ ಮೇಯಿಸುತ್ತಾರೆ: ಕುರಿಯ ಗೊರಸು ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ, ಹುಲ್ಲಿನ ಬೇರು ಒತ್ತಾಗುತ್ತದೆ. ದನ ಭಾರ, ಮಣ್ಣು ಕಿತ್ತು ಬರುತ್ತದೆ. ಹೆಗ್ಗಣದಂಥ ಬಿಲ ತೋಡುವ ಪ್ರಾಣಿಗಳು ದೊಡ್ಡ ಶತ್ರು.

ಖರ್ಚು ಹೊರುವುದು ಒಡ್ಡು ಸಂಘ, ಅವರ ಮಾತಿನಲ್ಲಿ "ಡೈಖ್‌ಆಖ್ಟ್". ಒಡ್ಡಿನ ಹಿಂದೆ ನೆಲ ಇರುವ ಪ್ರತಿಯೊಬ್ಬರೂ ಕಡ್ಡಾಯ ಸದಸ್ಯರು. ಹಳೆಯ ಕಾಲದಲ್ಲಿ ತನ್ನ ಪಾಲಿನ ಒಡ್ಡು ಕಾಪಾಡಲಾಗದವನು ಅದರಲ್ಲಿ ಗುದ್ದಲಿ ನೆಟ್ಟು ನೆಲ ಬಿಟ್ಟು ಹೋಗಬೇಕಿತ್ತು. ಗುದ್ದಲಿ ಕಿತ್ತವನಿಗೆ ಹೊಲವೂ ಸಿಗುತ್ತಿತ್ತು, ಒಡ್ಡಿನ ಹೊಣೆಯೂ ಬೀಳುತ್ತಿತ್ತು. ಇಷ್ಟು ಬಿಗಿ ಯಾಕೆಂದರೆ ಒಬ್ಬನ ಹತ್ತು ಮಾರು ಸಡಿಲವಾದರೆ ಇಡೀ ಸೀಮೆ ಮುಳುಗುತ್ತದೆ. 1717ರ ಕ್ರಿಸ್ಮಸ್ ರಾತ್ರಿಯ ಪ್ರವಾಹದಲ್ಲಿ ಉತ್ತರ ಸಮುದ್ರದ ದಡದುದ್ದಕ್ಕೂ 11 ಸಾವಿರದಷ್ಟು ಜನ ಸತ್ತರು, ಪೂರ್ವ ಫ್ರೀಸ್‌ಲಾಂಡಿನಲ್ಲೇ ಸಾವಿರಾರು.

ಕುಂಬಳೆ ವಾಚನಾಲಯ ಬರೆದದ್ದು:

ಮೂವರಿಗೂ ಕೈ ಮುಗಿದೆ. ಸಾಲನ್ನು ಹೀಗೆ ಮಾಡಿದರೆ ಆದೀತೇ: "ಫರ್ಡಿನಾಂಡ್ ಕಿಟ್ಟೆಲ್ 1832ರ ಏಪ್ರಿಲ್ 7ರಂದು ಜರ್ಮನಿ ದೇಶದ ಹನೋವರ್ ರಾಜ್ಯದ ಔರಿಖ್ ಜಿಲ್ಲೆಯ ರೆಸ್ಟರ್‌ಹಾಫೆಯಲ್ಲಿ ಜನಿಸಿದರು. ಅವರ ತಾಯ್ನುಡಿ ಫ್ರೀಸಿಯನ್."

ಹಳೆನಕ್ಷೆ ಉತ್ತರ:

ಮೂರು ತಿದ್ದುಪಡಿ. "ಜರ್ಮನಿ ದೇಶ" 1871ರದ್ದು, 1832ರಲ್ಲಿ ಹನೋವರ್ ತಾನೇ ಒಂದು ರಾಜ್ಯ. "ಔರಿಖ್ ಜಿಲ್ಲೆ" 1885ರದ್ದು, ಅದನ್ನು "ಈಗಿನ" ಅಂತ ಬೇರೆ ಮಾಡಿ.

ಮೂರನೆಯದನ್ನು ಪೂರಾ ತೆಗೆಯಿರಿ. ಪೂರ್ವ ಫ್ರೀಸ್‌ಲಾಂಡಿನಲ್ಲಿ ಹೆಸರು ಉಳಿದಿದೆ, ಫ್ರೀಸಿಯನ್ ಭಾಷೆ ಉಳಿದಿಲ್ಲ. ಕಿಟ್ಟೆಲ್ ಹುಟ್ಟುವ ಎಷ್ಟೋ ಮೊದಲೇ ಡೋರ್ನುಮ್ ಕಡೆಯ ಮನೆಮಾತು ಪ್ಲಾಟ್, ಅಂದರೆ ತಗ್ಗುನಾಡಿನ ಜರ್ಮನ್ ಆಗಿತ್ತು. ಶಾಲೆ, ಚರ್ಚಿಗೆ ಗ್ರಂಥಸ್ಥ ಜರ್ಮನ್. ಪಶ್ಚಿಮಕ್ಕೆ ಎಮ್ಡನ್ ಕಡೆಯ ಚರ್ಚುಗಳಲ್ಲಿ 19ನೇ ಶತಮಾನದಲ್ಲಿಯೂ ಡಚ್ ನಡೆಯುತ್ತಿತ್ತು. ಪೂರ್ವದ ಫ್ರೀಸಿಯನ್ ಇಂದು ಜೀವಂತ ಇರುವುದು ಪೂರ್ವ ಫ್ರೀಸ್‌ಲಾಂಡಿನ ಗಡಿಯಾಚೆಗೆ, ಕ್ಲೋಪನ್‌ಬುರ್ಗ್ ಜಿಲ್ಲೆಯ ಸಾಟರ್‌ಲಾಂಡ್ ಎಂಬ ಒಂದೇ ಪಂಚಾಯತಿನಲ್ಲಿ, ಸುಮಾರು ಎರಡು ಸಾವಿರ ಜನರ ಬಾಯಲ್ಲಿ. ಸುತ್ತ ಜೌಗು ಇದ್ದು ಹೊರಗಿನವರ ಸಂಪರ್ಕ ಕಡಿಮೆ ಇದ್ದದ್ದೇ ಅದನ್ನು ಉಳಿಸಿತು. ಗಡಿನಾಡಿನ ಕನ್ನಡದವರು ಇದನ್ನು ಎರಡು ಸಲ ಓದಬೇಕು.

ಇನ್ನೂ ಆಳಕ್ಕೆ ಹೋಗುವುದಿದ್ದರೆ ದಾರಿ ಹೇಳುತ್ತೇನೆ. ಮೊದಲು ಜರ್ಮನ್ ವಂಶಾವಳಿ ಸಂಘದವರ ಊರುಗಳ ಪಟ್ಟಿ, "ಗೋಫ್" ಅಂತ ಕರೆಯುತ್ತಾರೆ. ಅದರಲ್ಲಿ ಊರಿನ ಹೆಸರು ಹಾಕಿದರೆ ಯಾವ ಇಸವಿಯಿಂದ ಯಾವ ಇಸವಿಯವರೆಗೆ ಯಾವುದಕ್ಕೆ ಸೇರಿತ್ತು ಅಂತ ಏಣಿಯ ಹಾಗೆ ಬರುತ್ತದೆ. ಅದನ್ನು 1912ರ ಮೈಯರ್ ಊರುಕೋಶದ ಜೊತೆ ತಾಳೆ ನೋಡಿ. ಅಲ್ಲಿ "ಕ್ರೈಸ್" ಅಂತ ಇರುತ್ತದೆ, "ಲಾಂಡ್‌ಕ್ರೈಸ್" ಎಂಬ ಹೆಸರು 1939ರಿಂದ. ಮೂಲ ದಾಖಲೆ ಬೇಕಾದರೆ ರಾಜ್ಯ ಪತ್ರಾಗಾರದ ಔರಿಖ್ ಶಾಖೆ, ಅದೇ ಪಟ್ಟಣದಲ್ಲಿರುವ ಓಸ್ಟ್‌ಫ್ರೀಸಿಷೆ ಲಾಂಡ್‌ಶಾಫ್ಟ್ ಸಂಸ್ಥೆಯ ಗ್ರಂಥಾಲಯ. ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳು ಕುರ್ರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಅದರಲ್ಲಿ "ಇ", "ಎನ್" ಎರಡೂ ಅಕ್ಷರ ಒಂದೇ ತರದ ಗೀಟು, ಆತುರದಲ್ಲಿ ಓದಿದರೆ ಊರಿನ ಹೆಸರೇ ಬೇರೆಯಾಗುತ್ತದೆ. ಹೆಸರುಗಳಲ್ಲೂ ಜಾಗ್ರತೆ: ಆ ಸೀಮೆಯಲ್ಲಿ ಮಗನಿಗೆ ಅಪ್ಪನ ಹೆಸರೇ ಅಡ್ಡಹೆಸರಾಗುತ್ತಿತ್ತು, ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. 1811ರಲ್ಲಿ ಫ್ರೆಂಚರು ಸ್ಥಿರ ಮನೆತನದ ಹೆಸರು ಬೇಕೆಂದು ಆಜ್ಞೆ ಹೊರಡಿಸಿದರೂ ಹಳ್ಳಿಗಳಲ್ಲಿ ಹಳೆಯ ರೂಢಿ ಬೇಗ ಹೋಗಲಿಲ್ಲ.

ನಕ್ಷೆಯಲ್ಲಿ ಡೋರ್ನುಮ್ ಹತ್ತಿರ ಜಾಗ ಉಳಿದರೆ ಅಲ್ಲಿನ ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ, ಗುರುತಿಸಿ. 1841ರಲ್ಲಿ ಕಟ್ಟಿದ್ದು. 1938ರ ನವೆಂಬರಿನಲ್ಲಿ ಸಿನಗಾಗ್‌ಗಳಿಗೆ ಬೆಂಕಿ ಇಡುವ ಸ್ವಲ್ಪವೇ ಮೊದಲು ಮಾರಾಟವಾಗಿ ಪೀಠೋಪಕರಣದ ಉಗ್ರಾಣವಾಗಿದ್ದರಿಂದ ಸೀಮೆಯಲ್ಲಿ ಅದೊಂದು ಉಳಿಯಿತು, ಈಗ ಸ್ಮಾರಕ. ಕಿಟ್ಟೆಲರ ಬಾಲ್ಯದಲ್ಲಿ ಪಕ್ಕದ ಊರಿನಲ್ಲಿ ಎದ್ದ ಕಟ್ಟಡ ಅದು.

ನಿಮ್ಮ ಸಾಲು ಹೀಗಿರಲಿ:

"ಫರ್ಡಿನಾಂಡ್ ಕಿಟ್ಟೆಲ್ 1832ರ ಏಪ್ರಿಲ್ 7ರಂದು ಹನೋವರ್ ರಾಜ್ಯದ ಪೂರ್ವ ಫ್ರೀಸ್‌ಲಾಂಡ್ ಸೀಮೆಯ ರೆಸ್ಟರ್‌ಹಾಫೆಯಲ್ಲಿ ಜನಿಸಿದರು (ಈಗ ಜರ್ಮನಿಯ ನೀಡರ್‌ಸಾಕ್ಸನ್ ರಾಜ್ಯ, ಔರಿಖ್ ಜಿಲ್ಲೆ, ಡೋರ್ನುಮ್ ಪಂಚಾಯತ್)."

ಶಿರಿಯ ಅಳಿವೆ ಉತ್ತರ:

ಅದೇ ಕ್ರಮ ಕೆಳಗಿನ ಸಾಲಿಗೂ ಬೇಕು. ಅವರು 1853ರಲ್ಲಿ ಮಂಗಳೂರಿಗೆ ಬಂದಾಗ "ದಕ್ಷಿಣ ಕನ್ನಡ ಜಿಲ್ಲೆ" ಇರಲಿಲ್ಲ, ಉತ್ತರ ದಕ್ಷಿಣ ಒಡೆಯದ ಒಂದೇ ಕೆನರಾ ಜಿಲ್ಲೆ, ಮದ್ರಾಸ್ ಪ್ರಾಂತ. ನಮ್ಮ ಕುಂಬಳೆಯೂ ಅದರೊಳಗೇ ಇತ್ತು. ನಕ್ಷೆ ಎರಡು ಮಾಡಿ, ಅಕ್ಕಪಕ್ಕ ಅಂಟಿಸಿ, ಎರಡರ ತಲೆಗೂ ಇಸವಿ ಬರೆಯಿರಿ.